ಉಷ್ಣ ಅಂದ್ಕೊಂಡು ಹತ್ತು ತಿಂಗಳು: ಇಳಕಲ್ಲಿನ ಬಣ್ಣದ ಕಾಕಾನ ಕೇಸು

ನಮ್ಮ ಮೆಡಿಕಲ್ ಶಾಪಿನ ಉದ್ರಿ ಬುಕ್ಕಿನಾಗ ಒಂದು ಪುಟ ಐತ್ರಿ, 2023ರ ಅಕ್ಟೋಬರ್‌ದಿಂದ 2024ರ ಆಗಸ್ಟ್‌ತನಾ, ಅದರಾಗ ಒಬ್ಬ ಮನಷ್ಯಾನ ಕೇಸಿನ ಪೂರಾ ಹಿಸ್ಟರಿ ಐತಿ. ಬರದಾವ ನಾನ, ಆದ್ರ ಬರಿಯೋವಾಗ ಇದು ಮೂತ್ರದ ಚೀಲದ ಕ್ಯಾನ್ಸರಿನ ಕೇಸು ಅಂತ ನನಗ ಹೊಳೀಲಿಲ್ಲ. ನಾಲ್ಕ ಸಾಲು. ದಸರಾದ ಮುಂದ ಉರಿಮೂತ್ರದ ಸಿರಪ್ ಒಂದು. ಸಂಕ್ರಮಣ ಮುಗದ ಮ್ಯಾಲೆ ಆಂಟಿಬಯಾಟಿಕ್ ಹತ್ತು ಗುಳಿಗಿ, ಮತ್ತ ಅದೇ ಸಿರಪ್. ಯುಗಾದಿ ಆದ ಮ್ಯಾಲೆ ಪ್ರಾಸ್ಟೇಟಿನ (ಗಂಡಸರಿಗೆ ಮೂತ್ರದ ಚೀಲದ ಬುಡಕ ಇರೋ ಗ್ರಂಥಿ) ಗುಳಿಗಿ ಮೂವತ್ತು. ಪಂಚಮಿ ಮರುದಿನ ಯೂರಿನ್ ಬ್ಯಾಗ್ ಒಂದು.

ಮದಲ ಹೇಳಿಬಿಡ್ತೀನಿ, ನಾ ಡಾಕ್ಟರ್ ಅಲ್ಲ, ಡಿ.ಫಾರ್ಮ ಮಾಡಿ ಇಪ್ಪತ್ತು ವರ್ಷಾತು ಕೌಂಟರ್ ಹಿಂದ ನಿಂತಾವ. ಕಾಕಾ ನಮ್ಮ ಓಣಿಯವ್ರು, ರಕ್ತಸಂಬಂಧ ಏನಿಲ್ಲ, ಸಣ್ಣಾಂವ ಇದ್ದಾಗಿಂದ ಕಾಕಾ ಅಂತೀನಿ ಅಷ್ಟ. ಅವ್ರನ್ನ ಕೇಳೇ ಬರೀಲಿಕ್ಕತ್ತೀನಿ, "ಬರಿ ತಮ್ಮಾ, ಹೆಸರ ಹಾಕಬ್ಯಾಡ, ಬೀಗರು ಓದ್ಯಾರು" ಅಂದ್ರು. ಹಂಗಾಗಿ ಹೆಸರಿಲ್ಲ, ಆಸ್ಪತ್ರೆ ಹೆಸರೂ ಇಲ್ಲ, ಡಾಕ್ಟರ್ ಹೆಸರೂ ಇಲ್ಲ. ತಪ್ಪು ಮಾಡಿದವ್ರೊಳಗ ನಾನೂ ಒಬ್ಬ, ಇನ್ನೊಬ್ಬರ ಹೆಸರ ಹಿಡದು ನನಗೇನಾಗೋದೈತಿ.

ಕಾಕಾಗ ಆವಾಗ 63. ಹದಿನಾರನೇ ವಯಸ್ಸಿಗೆ, ಅಂದ್ರ 1976ರಾಗ, ನೂಲಿಗೆ ಬಣ್ಣ ಹಾಕೋ ಕೆಲಸಕ್ಕ ನಿಂತವ್ರು, ಮೊಣಕಾಲು ನೋವು ಅಂತ ಬಿಟ್ಟು ಏಳೆಂಟು ವರ್ಷ ಆಗಿರಬೇಕು. ಈಗ ಮಕ್ಕಳು ಮಾಡ್ತಾರ. ದಿನಾ ಒಂದು ಕಟ್ಟು ಬೀಡಿ. ಬಿಪಿ ಗುಳಿಗಿ ಒಂದು, ಹಾರ್ಟಿಗಂತ ಆಸ್ಪಿರಿನ್ 75 ಒಂದು. ಶುಗರ್ ಇಲ್ಲ. ರಾತ್ರಿ ಎರಡು ಮೂರು ಸಲ ಕಾಲ್ಮಡಿಗೆ ಏಳ್ತಿದ್ರು, ಅದಂತೂ ನಮ್ಮ ಓಣ್ಯಾಗ ಆ ವಯಸ್ಸಿನ ಎಲ್ಲಾರ ಹಾಡು.

ದಸರಾದ ಮುಂದ ಒಂದಿನ ಸಂಜಿಮುಂದ ಬಂದ್ರು, ಗಿರಾಕಿ ಹೋಗೂತನಾ ಬಾಜೂಕ ನಿಂತ್ರು. ಗಂಡಸರು ಹಂಗ ಬಾಜೂಕ ನಿಂತ್ರ ಅದು ಸೊಂಟದ ಕೆಳಗಿನ ವಿಷಯ ಅಂತ ನಮಗ ತಿಳೀತೇತಿ.

"ತಮ್ಮಾ, ಉಷ್ಣ ಭಾಳ ಆಗೇತಿ, ಉಚ್ಚಿ ಕೆಂಪಗ ಹೊಂಟೇತಿ."

"ಉರಿ ಐತೇನ್ರಿ ಕಾಕಾ? ನೋವು? ಜ್ವರ?"

"ಏನಿಲ್ಲೋ. ಉರಿ ಇಲ್ಲ, ನೋವಿಲ್ಲ. ಬರೇ ಬಣ್ಣ."

ಬಣ್ಣ ಹ್ಯಾಂಗೈತಿ ಅಂತ ಕೇಳಿದೆ, ಕಾಕಾ ಒಂದ್ ಸೆಕೆಂಡ್ ವಿಚಾರ ಮಾಡಿ "ಗಿರಿಕುಂಕುಮ ಅಲ್ಲ, ದಾಳಿಂಬ್ರಿ. ನೀರ ಜಾಸ್ತಿ ಬಿದ್ದ ದಾಳಿಂಬ್ರಿ" ಅಂದ್ರು. ನಲವತ್ತು ವರ್ಷ ಇಳಕಲ್ಲ ಸೀರಿ ನೂಲಿಗೆ ಬಣ್ಣ ಕಟ್ಟಿದ ಮನಷ್ಯಾ, ಲ್ಯಾಬಿನವ್ರಗಿಂತ ಕರೆಕ್ಟಾಗಿ ಹೇಳಿದ್ರು, ಮತ್ತ ನಾ ಅದನ್ನ ಕೇಳಿ ನಕ್ಕೆ, ಬೀಟ್‌ರೂಟ್ ತಿಂದಿರೇನು ಅಂದೆ, ಇಲ್ಲ ಅಂದ್ರು, ಉರಿಮೂತ್ರದ ಸಿರಪ್ ಕೊಟ್ಟು ನೀರ ಕುಡೀರಿ, ಜೀರಗಿ ನೆನೆಸಿ ಕುಡೀರಿ ಅಂತ ಕಳಿಸಿದೆ. ಎರಡು ದಿನಕ್ಕ ಬಣ್ಣ ಹೋತು. ಕಾಕಾ ಬಂದು "ಒಳ್ಳೆ ಔಷಧ ಕೊಟ್ಟಿ" ಅಂದ್ರು.

ಔಷಧ ಏನೂ ಮಾಡಿರಲಿಲ್ಲ. ಆ ಸಿರಪ್ ಮೂತ್ರದ ಹುಳಿ ಕಡಿಮಿ ಮಾಡತೇತಿ, ಉರಿ ಇದ್ರ ಆರಾಮ ಅನಸ್ತೇತಿ, ರಕ್ತ ನಿಲ್ಲಸೂದು ಅದರ ಕೆಲಸ ಅಲ್ಲ. ರಕ್ತ ತಾನ ನಿಂತಿತ್ತು. ಮೂತ್ರದ ಚೀಲದಾಗ ಗಡ್ಡಿ ಇದ್ದಾಗ ಅದರ ಚಾಳಿನ ಅದು, ಒಂದೆರಡು ದಿನ ಕಾಣಸ್ಕೊಂಡು ವಾರಗಟ್ಲೆ ತಿಂಗಳಗಟ್ಲೆ ಮಾಯ ಆಗೋದು. ಆ ಟೈಮಿಗೆ ಏನು ಕುಡದಿದ್ರೂ ಅದಕ್ಕ ಹೆಸರು ಬರತೇತಿ, ಎಳನೀರು ಕುಡದವಗ ಎಳನೀರು, ಮಜ್ಜಿಗಿ ಕುಡದವಗ ಮಜ್ಜಿಗಿ, ನನ್ನ ಹಂತ್ಯಾಕ ಬಂದವಗ ನನ್ನ ಸಿರಪ್.

ನೋವಿಲ್ಲ ಅಂದಾಗ ನಮ್ಮ ಮಂದಿ ಸಮಾಧಾನ ಆಗ್ತಾರ, ನಾನೂ ಆದೆ. ಇಲ್ಲೆ ಉಲ್ಟಾ ವಿಚಾರ ಮಾಡಬೇಕಿತ್ತು. ಉರಿ, ನೋವು, ಜ್ವರ ಇದ್ದು ರಕ್ತ ಬಂದ್ರ ಇನ್‌ಫೆಕ್ಷನ್ನೋ ಹರಳೋ ಇರಬಹುದು, ಏನೂ ಇಲ್ದ ಬರೇ ರಕ್ತ ಬಂದ್ರ ಒಳಗ ಒಮ್ಮೆ ಹಣಿಕಿ ನೋಡಲಾರದ ಬಿಡಂಗಿಲ್ಲ. ಬ್ರಿಟನ್‌ನಾಗ ಡಿಟೆಕ್ಟ್ ಅಂತ ಒಂದು ಸ್ಟಡಿ ಮಾಡ್ಯಾರ, 2018ರಾಗ ಬಂತು, 40 ಆಸ್ಪತ್ರೆ, ಮೂತ್ರದಾಗ ರಕ್ತ ಅಂತ ಬಂದ 3,556 ಮಂದಿ. ಕಣ್ಣಿಗೆ ಕಾಣೋ ಹಂಗ ರಕ್ತ ಬಂದವ್ರೊಳಗ 11 ಪರ್ಸೆಂಟ್ ಮಂದಿಗೆ ಮೂತ್ರದ ಚೀಲದ ಕ್ಯಾನ್ಸರ್ ಸಿಕ್ಕತು, ಮೈಕ್ರೋಸ್ಕೋಪಿನಾಗ ಅಷ್ಟ ಕಂಡವ್ರೊಳಗ 2.7. ಹತ್ತು ಮಂದಿ ಒಳಗ ಒಬ್ಬರಿಗೆ ಅಂದಂಗಾತು. ನಮ್ಮ ಕೌಂಟರಿಗೆ ವರ್ಷಕ್ಕ ಎಷ್ಟು ಮಂದಿ "ಕೆಂಪಗ ಹೊಂಟೇತಿ" ಅಂತ ಬರ್ತಾರ ಅಂತ ಲೆಕ್ಕ ಹಾಕಿದ್ರ ನನಗ ನಿದ್ದಿ ಹತ್ತಂಗಿಲ್ಲ.

ಜನವರಿಯಾಗ ಮತ್ತ ಬಂತು. ಈ ಸಲ ಕಾಕಾ ಡಾಕ್ಟರ್ ಕಡೆ ಹೋದ್ರು, ಯೂರಿನ್ ಟೆಸ್ಟ್ ಮಾಡಸ್ಯಾರ. ರಿಪೋರ್ಟ್ ನಾನೂ ನೋಡೀನಿ, ಪಸ್ ಸೆಲ್ (ಕೀವಿನ ಕಣ, ಇನ್‌ಫೆಕ್ಷನ್ ಇದ್ರ ಹೆಚ್ಚಾಗತಾವ) 4ರಿಂದ 6, ಕೆಂಪು ರಕ್ತಕಣದ ಮುಂದ "ಪ್ಲೆಂಟಿ". ಇನ್‌ಫೆಕ್ಷನ್ ಅಂತ ಐದು ದಿನದ ಆಂಟಿಬಯಾಟಿಕ್. ಕಲ್ಚರ್, ಅಂದ್ರ ಮೂತ್ರದಾಗ ಬ್ಯಾಕ್ಟೀರಿಯಾ ಬೆಳೀತಾವೇನು ನೋಡೋ ಟೆಸ್ಟ್, ಮಾಡಿಸ್ಲಿಲ್ಲ, ಯಾರೂ ಮಾಡ್ಸಂಗಿಲ್ಲ, ಎರಡು ಮೂರು ದಿನ ಕಾಯೋದು ಯಾರಿಗೆ ಬೇಕು. ಪಸ್ ಸೆಲ್ ನಾಲ್ಕಾರು ಅಂದ್ರ ಹೆಚ್ಚುಕಡಿಮಿ ನಾರ್ಮಲ್ಲ, ರಕ್ತ ಮಾತ್ರ ಪ್ಲೆಂಟಿ, ಅಂದ್ರ ಇನ್‌ಫೆಕ್ಷನ್ನಿನ ಸಾಕ್ಷಿ ಇಲ್ಲ, ರಕ್ತದ ಸಾಕ್ಷಿ ಐತಿ, ಆದ್ರೂ ಔಷಧ ಕೊಟ್ಟಿದ್ದು ಇಲ್ದಿದ್ದ ಇನ್‌ಫೆಕ್ಷನ್ನಿಗೆ. ಆಸ್ಪಿರಿನ್ ತಗೋತಾರ, ರಕ್ತ ತೆಳ್ಳಗ ಆಗೇತಿ, ಅದಕ್ಕೂ ಬಂದಿರಬಹುದು ಅಂತನೂ ಒಂದು ಮಾತು ಬಂತಂತ. ಆಸ್ಪಿರಿನ್ ಒಳಗ ಇರೋ ಗಾಯ ಬೇಗ ತೋರಸ್ಬಹುದು, ಇಲ್ದ ಗಾಯ ಹುಟ್ಟಸಂಗಿಲ್ಲ. ರಕ್ತ ತೆಳುವಾಗೋ ಗುಳಿಗಿ ತಗೊಳ್ಳಾವ್ರಿಗೂ ತಪಾಸಣಿ ಎಲ್ಲಾರಂಗ ಪೂರಾ ಆಗಬೇಕು ಅಂತನ ಗೈಡ್‌ಲೈನ್ ಹೇಳೋದು.

ಹೆಂಗಸರ ಕಥಿ ಇನ್ನೂ ಸುಮಾರ ಐತಿ, ಒಂದು ಮಾತು ಹೇಳಿ ಮುಂದ ಹೋಗ್ತೀನಿ. ಅಮೆರಿಕಾದ ಇನ್ಶೂರೆನ್ಸ್ ದಾಖಲಿ ತಗೊಂಡು 2014ರಾಗ ಒಂದು ಲೆಕ್ಕ ತಗದಾರ, ರಕ್ತ ಕಂಡಾಗಿಂದ ಚೀಲದ ಕ್ಯಾನ್ಸರ್ ಅಂತ ಗೊತ್ತಾಗ್ಲಿಕ್ಕೆ ಗಂಡಸರಿಗೆ ಸರಾಸರಿ 73.6 ದಿನ, ಹೆಂಗಸರಿಗೆ 85.4 ದಿನ. ಹೆಂಗಸರು ಬಂದ್ರ ಇನ್‌ಫೆಕ್ಷನ್ ಅಂತ ಮತ್ತ ಮತ್ತ ಆಂಟಿಬಯಾಟಿಕ್ ಕೊಡೋದು ಅಲ್ಲೂ ಐತಿ.

ಇನ್ನ ಮೂರನೇ ಸಾಲು, ಯುಗಾದಿದು. ನನ್ನ ಪ್ರಕಾರ ಕೇಸು ಖರೇ ದಾರಿ ತಪ್ಪಿದ್ದು ಇಲ್ಲೆ, ಮತ್ತ ಇಲ್ಲೆ ಯಾರೂ ದಡ್ಡತನ ಮಾಡ್ಲಿಲ್ಲ ಅನ್ನೋದ ಬ್ಯಾಸರದ ಮಾತು. ಮೂರನೇ ಸಲ ರಕ್ತ ಬಂದ ಮ್ಯಾಲೆ ಮಗ ಸ್ಕ್ಯಾನಿಂಗ್ ಸೆಂಟರಿಗೆ ಕರಕೊಂಡು ಹೋದ. ಹೊಟ್ಟಿ ಸ್ಕ್ಯಾನಿಗೆ ಮೂತ್ರ ತುಂಬಿರಬೇಕಲ್ರಿ, ಕಾಕಾ ಒಂದು ಲೀಟರ್ ನೀರ ಕುಡದು ಬೆಂಚಿನ ಮ್ಯಾಲೆ ಕುಂತ್ರು, ಮುಂದ ಹನ್ನೊಂದು ಮಂದಿ ಪಾಳಿ, ಪ್ರಾಸ್ಟೇಟ್ ದೊಡ್ಡದಾದವ್ರಿಗೆ ತಡಕೊಳ್ಳೋದು ಆಗಂಗಿಲ್ಲ, ಎರಡು ಸಲ ಹೋಗಿ ಬಂದ್ರು, ಮೂರನೇ ಸಲ ಹೋಗಿ ಬರೂದ್ರಾಗ ಹೆಸರು ಕರದ್ರು. ಅರ್ಧಾ ತುಂಬಿದ ಚೀಲದ ಮ್ಯಾಲೆ ಸ್ಕ್ಯಾನ್ ಆತು. ರಿಪೋರ್ಟಿನಾಗ ಇಂಗ್ಲಿಷಿನಾಗ ಬರದಿದ್ರು, "ಪಾರ್ಶಿಯಲಿ ಡಿಸ್ಟೆಂಡೆಡ್", ಅಂದ್ರ ಚೀಲ ಪೂರಾ ತುಂಬಿಲ್ಲ ಅಂತ. ಆ ಎರಡು ಶಬ್ದ ಯಾರೂ ಓದ್ಲಿಲ್ಲ. ಎಲ್ಲಾರೂ ಓದಿದ್ದು ಕೆಳಗಿನ ಸಾಲು, ಪ್ರಾಸ್ಟೇಟ್ 44 ಗ್ರಾಂ, ನಡುವಿನ ಹೋಳು ಚೀಲದೊಳಗ ಉಬ್ಬೇತಿ.

ಅರ್ಧಾ ತುಂಬಿದ ಚೀಲದ ಗ್ವಾಡಿ ಮಡಚಿಕೊಂಡಿರತೇತಿ, ಗಾಳಿ ಇಳಿದ ಪುಗ್ಗ್ಯಾ ಹಂಗ, ಆ ಮಡಚಿನಾಗ ಎರಡು ಸೆಂಟಿಮೀಟರ್ ಗಡ್ಡಿ ಅಡಗಿ ಕುಂತ್ರ ಸ್ಕ್ಯಾನಿಗೆ ಸಿಗದ ಇರಬಹುದು. ಅದರ ಮುಂದ ಪ್ರಾಸ್ಟೇಟಿನ ಹೋಳು ಬ್ಯಾರೆ ಉಬ್ಬಿ ನಿಂತ್ರ ಮುಗೀತು. ಮಜಾ ನೋಡ್ರಿ, ಚೀಲ ತುಂಬಗೊಡಲಾರದಂಗ ಮಾಡಿದ್ದೂ ಪ್ರಾಸ್ಟೇಟ, ಗಡ್ಡಿ ಮುಚ್ಚಿಟ್ಟಿದ್ದೂ ಪ್ರಾಸ್ಟೇಟ, ಕಡೀಕ ರಕ್ತದ ಅಪವಾದ ಹೊತ್ತಿದ್ದೂ ಅದ.

ಹರೇದಾಗ ಪ್ರಾಸ್ಟೇಟ್ ಸುಮಾರು 20 ಗ್ರಾಂ ಇರತೇತಿ, ಅಕ್ರೋಟಿನಷ್ಟು. ಅರವತ್ತರ ಆಸುಪಾಸು ಅರ್ಧಕ್ಕರ್ಧ ಗಂಡಸರಿಗೆ ಬೆಳೀತೇತಿ, ಎಂಬತ್ತು ದಾಟಿದವ್ರಿಗೆ ಹೆಚ್ಚುಕಡಿಮಿ ಎಲ್ಲಾರಿಗೂ. 44 ಗ್ರಾಂ ಅಂದ್ರ ಒಂದು ಲಿಂಬಿಹಣ್ಣು. ದೊಡ್ಡ ಪ್ರಾಸ್ಟೇಟಿನಿಂದ ರಕ್ತ ಬರಂಗಿಲ್ಲ ಅಂತಲ್ಲ, ಬರತೇತಿ. ಆದ್ರ ಆ ವಯಸ್ಸಿನ ಅರ್ಧಾ ಊರಿಗೆ ಇರೋ ವಸ್ತು ತೋರಿಸಿ ಇದ ಕಾರಣ ಅನ್ನೋದು, ಕಳುವಾದ ಮನಿ ಮುಂದ ಹಾದುಹೋದಾವನ್ನ ಹಿಡಕೊಂಡು ಬಂದಂಗ. ಬಾಕಿ ಎಲ್ಲಾ ನೋಡಿ, ಚೀಲದೊಳಗ ಸ್ಕೋಪ್ (ಕ್ಯಾಮೆರಾ ಇರೋ ಸಣ್ಣ ಪೈಪ್) ಹಾಕಿ ನೋಡಿ, ಏನೂ ಸಿಗಲಿಲ್ಲಂದ್ರ ಆವಾಗ ಪ್ರಾಸ್ಟೇಟಿನ ಮ್ಯಾಲೆ ಹಾಕಬೇಕು.

ಪಿಎಸ್‌ಎ ಟೆಸ್ಟೂ ಆತು, 2.8. ಮಗ ಓಡಿ ಬಂದು "ಕ್ಯಾನ್ಸರ್ ಇಲ್ಲಂತ್ರಿ ಅಣ್ಣಾ, ಬ್ಲಡ್ ಟೆಸ್ಟಿನಾಗ ಬಂತು" ಅಂತ ಪೇಢೆ ಕೊಟ್ಟು ಹೋದ, ನಾನೂ ತಿಂದೆ. ಪಿಎಸ್‌ಎ ಅಂದ್ರ ಪ್ರಾಸ್ಟೇಟಿನಿಂದ ಬರೋ ಒಂದು ಪ್ರೋಟೀನ್, ಅದು ಪ್ರಾಸ್ಟೇಟಿನ ಸುದ್ದಿ ಅಷ್ಟ ಹೇಳತೇತಿ, ಅದೂ ಪೂರ್ತಿ ಅಲ್ಲ. ಮೂತ್ರದ ಚೀಲದ ಬಗ್ಗೆ ಅದಕ್ಕ ಗೊತ್ತ ಇಲ್ಲ. ಬಾಜೂ ಮನಿ ಲೈಟ್ ಬಿಲ್ ನೋಡಿ ನಮ್ಮ ಮನ್ಯಾಗ ಕರೆಂಟ್ ಐತಿ ಅಂದಂಗ ಆತು. ಇಷ್ಟು ಸಾದಾ ಮಾತು, ಇಪ್ಪತ್ತು ವರ್ಷ ಔಷಧ ಮಾರಿದ ನನಗ ಆ ಪೇಢೆ ತಿನ್ನೋವಾಗ ಹೊಳೀಲಿಲ್ಲ.

ಟ್ಯಾಮ್ಸುಲೋಸಿನ್ ಮತ್ತ ಡ್ಯುಟಾಸ್ಟರೈಡ್ ಕೂಡಿದ ಗುಳಿಗಿ ಬರದ್ರು. ಅದು ಒಳ್ಳೆ ಗುಳಿಗಿ, ಅದರ ಮ್ಯಾಲೆ ನನ್ನ ತಕರಾರಿಲ್ಲ. ಟ್ಯಾಮ್ಸುಲೋಸಿನ್ ಚೀಲದ ಬಾಯಿ ಸಡ್ಲ ಮಾಡತೇತಿ, ಡ್ಯುಟಾಸ್ಟರೈಡ್ ತಿಂಗಳುಗಟ್ಲೆ ತಗೊಂಡ್ರ ಪ್ರಾಸ್ಟೇಟ್ ಕುಗ್ಗಸ್ತೇತಿ. ಕಾಂಬ್ಯಾಟ್ ಅನ್ನೋ ಟ್ರಯಲ್‌ನಾಗ 4,844 ಗಂಡಸರನ್ನ ನಾಲ್ಕು ವರ್ಷ ನೋಡಿ, ಎರಡೂ ಕೂಡಿಸಿ ಕೊಟ್ರ ಬರೇ ಟ್ಯಾಮ್ಸುಲೋಸಿನ್‌ಗಿಂತ ಮೂತ್ರ ಕಟ್ಟೋದು ಇಲ್ಲಾ ಆಪರೇಷನ್ ಆಗೋ ಅಪಾಯ 66 ಪರ್ಸೆಂಟ್ ಕಡಿಮಿ ಅಂತ 2010ರಾಗ ಹೇಳಿದ್ರು. ಇನ್ನೊಂದು, ಈ ಗುಳಿಗಿ ಆರೆಂಟು ತಿಂಗಳು ತಗೊಂಡವ್ರ ಪಿಎಸ್‌ಎ ಅರ್ಧಕ್ಕ ಇಳೀತೇತಿ, ಬಂದ ನಂಬರ್ ಡಬಲ್ ಮಾಡಿ ಓದಬೇಕು, ಡಾಕ್ಟರ್ ಬದಲಾದ್ರ ಗುಳಿಗಿ ತಗೊಳ್ಳೋದು ಹೇಳ್ರಿ. ಕಾಕಾಗ ರಾತ್ರಿ ಏಳೋದು ಒಂದ ಸಲಕ್ಕ ಇಳೀತು, ರಕ್ತನೂ ನಿಂತಿತ್ತು, ಎಲ್ಲಾರೂ ಖುಷಿ. ಆ ನಾಲ್ಕು ತಿಂಗಳು ಗಡ್ಡಿ ತನ್ನ ಪಾಡಿಗೆ ಬೆಳೀತಿತ್ತು.

ಪಂಚಮಿ ದಿನ ಮನಿತುಂಬ ಮಂದಿ, ಹೆಣ್ಮಕ್ಕಳು ತವರಿಗೆ ಬಂದಾರ, ಜೋಕಾಲಿ ಕಟ್ಟ್ಯಾರ. ಮರುದಿನ ರಾತ್ರಿ ಹನ್ನೊಂದಕ್ಕ ಮಗನ ಫೋನ್, ಅಪ್ಪಾಗ ಒಂದಕ್ಕ ಹೋಗ್ಲಿಕ್ಕೆ ಆಗವಲ್ದು, ಹೊಟ್ಟಿ ಕೆಳಗ ಕಲ್ಲಾಗೇತಿ, ಅದಕ್ಕೂ ಮದಲ ಕರೇ ಉಂಡಿ ಹಂಗ ರಕ್ತದ ಗಂಟು ಬಿದ್ದಾವು. ನಾ ಹೋಗಿ ನೋಡಿದೆ, ಕಾಕಾ ಮಂಚದ ಕಾಲು ಹಿಡಕೊಂಡು ಕುಂತಿದ್ರು, ಹಣಿ ಮ್ಯಾಲಿಂದ ಬೆವರು ಹನಿ ಹನಿ ಬೀಳ್ಲಿಕ್ಕತ್ತಿತ್ತು, ಮಾತಿಲ್ಲ. ಹತ್ತು ತಿಂಗಳ ನೋವಿಲ್ದ ಬಂದ ರೋಗ ಅವತ್ತು ಎಲ್ಲಾ ನೋವು ಒಮ್ಮೆಲೆ ಕೊಟ್ಟತು. ಗಾಡಿ ಮಾಡಿ ಬಾಗಲಕೋಟಿಗೆ ಒಯ್ದ್ವಿ. ಅಲ್ಲೆ ಮೂರು ಬಾಯಿಯ ದಪ್ಪ ಕ್ಯಾಥೆಟರ್ (ಮೂತ್ರದ ದಾರ್ಯಾಗ ಹಾಕೋ ನಳಿಗಿ) ಹಾಕಿ, ದೊಡ್ಡ ಸಿರಿಂಜಿನಿಂದ ಗಂಟು ಒಂದೊಂದಾಗಿ ಎಳದು ತಗದು, ಒಂದು ಬಾಯಿಂದ ಸಲೈನ್ ಬಿಟ್ಟು ಇನ್ನೊಂದು ಬಾಯಿಂದ ಹೊರಗ ಬಿಡ್ಲಿಕ್ಕೆ ಹತ್ತಿದ್ರು. ರಾತ್ರಿ ಎಲ್ಲಾ ಬ್ಯಾಗಿನ ಬಣ್ಣ ನೋಡೋದ ನಮ್ಮ ಕೆಲಸ. ಬೆಳಗಾ ಮುಂಜಾನೆ ಕಾಕಾ ಕಣ್ಣು ತಗದು ಬ್ಯಾಗ್ ನೋಡಿ "ಈಗ ಕಳ್ಳೀಹಾಲಿಗೆ ಚೂರು ಕುಂಕುಮ ಬಿದ್ದಂಗ ಆತು, ಇಳೀಲಿಕ್ಕತ್ತೇತಿ" ಅಂದ್ರು.

ಯೂರಾಲಜಿಸ್ಟ್ ಸಾಹೇಬ್ರು ಫೈಲ್ ಎಲ್ಲಾ ತಿರುವಿ ಹಾಕಿ ಕೇಳಿದ್ದು ಒಂದ ಪ್ರಶ್ನೆ, "ಮದಲನೇ ಸಲ ರಕ್ತ ಯಾವಾಗ ಬಂತು?" ಮಗ ನನ್ನ ಮಾರಿ ನೋಡಿದ. ನಾ ಉದ್ರಿ ಬುಕ್ಕಿನ ಪುಟದ ಫೋಟೋ ಮೊಬೈಲ್‌ದಾಗ ತೋರ್ಸಿದೆ. ಸಾಹೇಬ್ರು ಬೈಲಿಲ್ಲ, "ಹತ್ತು ತಿಂಗಳು" ಅಂತ ಬರಕೊಂಡ್ರು ಅಷ್ಟ. ಬೈದಿದ್ರ ಚಲೋ ಇತ್ತು.

ಸಿಸ್ಟೋಸ್ಕೋಪಿ, ಅದ ಸ್ಕೋಪ್ ಹಾಕಿ ಚೀಲದೊಳಗ ನೋಡೋದು, ಅಂದ್ರ ಮಂದಿ ಹೆದರ್ತಾರ, ಮೂತ್ರದ ದಾರ್ಯಾಗ ಪೈಪ್ ಅಂದ್ರ ಯಾರಿಗೆ ಬೇಕು. ಬಗ್ಗೋ ಸ್ಕೋಪ್ ಇದ್ರ ಸುನ್ನ ಮಾಡೋ ಜೆಲ್ಲಿ ಹಾಕಿ ಐದು ಹತ್ತು ನಿಮಿಷದಾಗ ಮುಗೀತೇತಿ, ಎರಡು ದಿನ ಉರಿ ಇರತೇತಿ. ಕಾಕಾ ಸ್ಕ್ರೀನ್ ನೋಡ್ತೀನಿ ಅಂದ್ರಂತ, ತೋರ್ಸಿದ್ರು. ಹೊರಗ ಬಂದು ನನಗ ಹೇಳಿದ್ದು ಹಿಂಗ: "ಸೆರಗಿನ ಗೊಂಡೆ ಇರತಾವಲ್ಲೋ, ನೀರಾಗ ಬಿಟ್ರ ಎಳಿ ಎಳಿ ತೇಲ್ತಾವ ನೋಡು, ಹಂಗ ಐತಿ. ಕೆಂಪನ್ನ ಗೊಂಡೆ. ನೋಡ್ಲಿಕ್ಕೆ ಛಂದ ಐತಿ." ಡಾಕ್ಟರ್ ಭಾಷಾದಾಗ ಅದು ಪ್ಯಾಪಿಲ್ಲರಿ ಟ್ಯೂಮರ್, ಮೂರು ಸೆಂಟಿಮೀಟರ್, ಚೀಲದ ಎಡಗಡೆ ಗ್ವಾಡಿಗೆ.

ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಕ್ಕ ಎರಡು ದಿನ ಓಡ್ಯಾಡಿದ್ದು ಬ್ಯಾರೆ ಕಥಿ. ಸೆಪ್ಟೆಂಬರಿನಾಗ ಬೆಳಗಾವಿಯೊಳಗ ಟಿಯುಆರ್‌ಬಿಟಿ ಆತು, ಹೊಟ್ಟಿ ಕೊಯ್ಯಂಗಿಲ್ಲ, ಅದೇ ದಾರೀಲೆ ಒಳಗ ಹೋಗಿ ಕರೆಂಟಿನ ತಂತಿಯಿಂದ ಕೆತ್ತಿ ತಗೀತಾರ. ರಿಪೋರ್ಟ್: ಹೈ ಗ್ರೇಡ್, ಟಿ-1. ಹೈ ಗ್ರೇಡ್ ಅಂದ್ರ ಜೋರಾಗಿ ಬೆಳಿಯೋ ಜಾತಿ, ಟಿ-1 ಅಂದ್ರ ಒಳಪೊರಿ ದಾಟಿ ಅದರ ಕೆಳಗಿನ ಪದರಕ್ಕ ಇಳದೇತಿ, ಸ್ನಾಯುವಿಗೆ ಮುಟ್ಟಿಲ್ಲ. ಆ ಸ್ನಾಯು ಅನ್ನೋ ಗೆರಿ ಮ್ಯಾಲ ಎಲ್ಲಾ ನಿಂತೇತಿ. ಚೀಲದ ಕ್ಯಾನ್ಸರಿನೊಳಗ ಸುಮಾರು ಮುಕ್ಕಾಲು ಪಾಲು ಮಂದಿಗೆ ಸ್ನಾಯು ಮುಟ್ಟೋ ಮದಲ ಸಿಗತೇತಿ, ಅವ್ರ ಚೀಲ ಉಳಸ್ಬಹುದು. ಸ್ನಾಯುವಿಗೆ ಇಳೀತಂದ್ರ ಬಹಳ ಮಂದಿಗೆ ಕೀಮೋ, ಚೀಲನ ತಗಿಯೋದು, ಹೊಟ್ಟಿಗೆ ಬ್ಯಾಗು, ಇಲ್ಲಾ ಕೀಮೋ ಕೂಡ ರೇಡಿಯೇಷನ್. ಕಾಕಾ ಗೆರಿಯ ಈಚೆ ಕಡೆ ಸಿಕ್ಕರು, ಅದರಾಗ ನಮ್ಮದೇನು ಹೆಚ್ಚಳ ಇಲ್ಲ, ಬರೇ ನಸೀಬು.

ಐದು ವಾರಕ್ಕ ಮತ್ತೊಮ್ಮೆ ಒಳಗ ಹೋಗಿ ಅದೇ ಜಾಗಾ ಕೆತ್ತಿದ್ರು. ಮಗ ಸಿಟ್ಟಾಗಿದ್ದ, ಒಮ್ಮೆ ಆಗೇತಲ್ಲ, ದುಡ್ಡಿನ ಸಲುವಾಗಿ ಮಾಡ್ತಾರ ಅಂತ. ಹಂಗಲ್ಲ, ಟಿ-1 ಇದ್ದವ್ರೊಳಗ ಸುಮಾರು ಅರ್ಧಾ ಮಂದಿಗೆ ಎರಡನೇ ಸಲ ನೋಡಿದಾಗ ಉಳದ ಚೂರು ಸಿಗತಾವ, ಅದಕ್ಕ ಎರಡರಿಂದ ಆರು ವಾರದೊಳಗ ಮತ್ತ ನೋಡ್ತಾರ. ಕಾಕಾಂದು ಸ್ವಚ್ಛ ಇತ್ತು.

ಇನ್ನ ಇದು ಬಂದದ್ದು ಎಲ್ಲಿಂದ ಅನ್ನೋದು. ಸಾಹೇಬ್ರು ಕೆಲಸ ಏನು ಅಂತ ಕೇಳಿದಾಗ ಕಾಕಾ ಕೈ ತೋರ್ಸಿದ್ರಂತ. ಈಗ ಬೆಳ್ಳಗಾಗ್ಯಾವ, ಹಿಂದಕ ನಾವು ಸಣ್ಣವ್ರಿದ್ದಾಗ ಮೊಣಕೈತನಾ ಒಂದ್ ದಿನ ಹಸರು, ಒಂದ್ ದಿನ ಕೆಂಪು, ಗ್ಲೌಸ್ ಅನ್ನೋದು ಆವಾಗ ಯಾರೂ ಕಂಡಿದ್ದಿಲ್ಲ, ಅದೇ ಕೈಲೆ ರೊಟ್ಟಿ ಮುರೀತಿದ್ರು. ಲುಡ್ವಿಗ್ ರೆನ್ ಅನ್ನೋ ಜರ್ಮನ್ ಸರ್ಜನ್ 1895ರಾಗ ಫ್ರಾಂಕ್‌ಫರ್ಟ್‌ನ ಬಣ್ಣದ ಕಾರ್ಖಾನಿ ಕೆಲಸಗಾರರ ಮೂತ್ರದ ಚೀಲದಾಗ ಗಡ್ಡಿ ಕಂಡು ಬಣ್ಣದ್ದ ಕೆಲಸ ಇದು ಅಂದಿದ್ದ. ಬೆಂಜಿಡಿನ್, 2-ನ್ಯಾಫ್ಥೈಲಮೈನ್ ಅನ್ನೋವು ಮನಷ್ಯಾಗ ಕ್ಯಾನ್ಸರ್ ತರೋದು ಖಾತ್ರಿ ಅಂತ ಆಮ್ಯಾಲೆ ಗೊತ್ತಾತು. ಬೆಂಜಿಡಿನ್‌ನಿಂದ ಮಾಡಿದ 42 ಬಣ್ಣಗಳನ್ನ ನಮ್ಮ ದೇಶದಾಗ 1993ರಾಗ ನಿಷೇಧ ಮಾಡಿದ್ರು. ಕಾಕಾ ಕೆಲಸಕ್ಕ ನಿಂತಿದ್ದು 1976. ನಡುವ ಹದಿನೇಳು ವರ್ಷ. ಆ ಹಂಡೆದಾಗ ಏನು ಬಿದ್ದಿತ್ತು ಅಂತ ಕಾಕಾಗ ಗೊತ್ತಿಲ್ಲ, ಪುಡಿ ಡಬ್ಬಿ ಮ್ಯಾಲೆ ಬಣ್ಣದ ನಂಬರ್ ಇರತಿತ್ತು ಅಂತಾರ, ಅಷ್ಟ. ಮತ್ತ ಈ ರೋಗ ಬರ್ಲಿಕ್ಕೆ ಇಪ್ಪತ್ತು ಮೂವತ್ತು ವರ್ಷ ತಗೊಳ್ಳತೇತಿ.

ಹಂಗಂತ ಎಲ್ಲಾ ಬಣ್ಣದ ಮ್ಯಾಲೆ ಹಾಕಿದ್ರ ಅದೂ ಮೋಸ. ಈ ಕ್ಯಾನ್ಸರಿನ ಸುಮಾರು ಅರ್ಧಾ ಪಾಲು ತಂಬಾಕಿನ ಹೊಗಿಯಿಂದ, ಕೆಲಸದ ಕೆಮಿಕಲ್‌ನಿಂದ ಬರೋದು ಸುಮಾರು ಹತ್ತು ಪರ್ಸೆಂಟ್ ಅಂತಾರ. ನನಗ ಎದಿ ಝಲ್ ಅಂದ ಮಾತು ಬ್ಯಾರೆ ಐತಿ, ಬೀಡಿ ಸಿಗರೇಟಿನ ಹೊಗ್ಯಾಗೂ ಅದೇ ಜಾತಿ ಕೆಮಿಕಲ್ ಇರತಾವ, ಅದೇ 2-ನ್ಯಾಫ್ಥೈಲಮೈನ್. ರಕ್ತಕ್ಕ ಸೇರಿ, ಕಿಡ್ನಿಯಾಗ ಸೋಸಿ, ಮೂತ್ರದ ಕೂಡ ಚೀಲದಾಗ ತಾಸುಗಟ್ಲೆ ನಿಂದರತಾವ, ಗ್ವಾಡಿ ದಿನಾ ಅದರಾಗ ನೆನೀತೇತಿ. ನೂಲು ಹಂಡೆದಾಗ ನೆನೆದಂಗ. ಕಾಕಾ ಹಗಲೆಲ್ಲಾ ಕೈಯಿಂದ ಹಾಕ್ಕೊಂಡ್ರು, ಬಿಡುವಿನಾಗ ಬಾಯಿಂದ.

ಡಿಸೆಂಬರಿನಾಗ ಬಿಸಿಜಿ ಚಾಲೂ ಆತು. ಕೂಸಿಗೆ ಹುಟ್ಟಿದಾಗ ತೋಳಿಗೆ ಕೊಡ್ತಾರಲ್ಲ ಟಿಬಿ ಲಸಿಕೆ, ಅದೇ ಬಿಸಿಜಿ, ಆದ್ರ ಡೋಸ್ ದೊಡ್ಡದು, ಚೀಲದೊಳಗ ಕ್ಯಾಥೆಟರ್‌ಲೆ ಬಿಡೋದು. ಜೀವಂತ ಬ್ಯಾಕ್ಟೀರಿಯಾ ಅದು, ಮೈಯ ರೋಗನಿರೋಧಕ ಸೈನ್ಯಾನ ಚೀಲದ ಕಡೆ ಕರದು ಎಬ್ಬಸ್ತೇತಿ. ಕೆನಡಾದ ಮೊರಾಲೆಸ್ ಅನ್ನೋ ಡಾಕ್ಟರ್ ಒಂಬತ್ತು ಮಂದಿ ಮ್ಯಾಲೆ ಮಾಡಿ ನೋಡಿ 1976ರಾಗ ಬರದ. ಕಾಕಾ ಮದಲ ಸಲ ಹಂಡೆದಾಗ ಕೈ ಅದ್ದಿದ ವರ್ಷ. ಅರ್ಧ ಶತಮಾನ ಆದ್ರೂ ಹೈ ರಿಸ್ಕ್ ಕೇಸಿಗೆ ಇನ್ನೂ ಅದ ಮದಲನೇ ಔಷಧ.

ವಾರಕ್ಕೊಂದು, ಆರು ವಾರ. ಔಷಧ ಬಿಟ್ಟ ಮ್ಯಾಲೆ ಎರಡು ತಾಸು ಒಂದಕ್ಕ ಹೋಗಂಗಿಲ್ಲ, ಕಾಲು ತಾಸಿಗೊಮ್ಮೆ ಮಗ್ಗಲು ಬದಲಿ ಮಾಡಬೇಕು, ಅಂಗಾತ, ಎಡಕ್ಕ, ಬೋರಲು, ಬಲಕ್ಕ, ಚೀಲದ ಎಲ್ಲಾ ಗ್ವಾಡಿಗೂ ಔಷಧ ಹತ್ಲಿ ಅಂತ. ಮೊಮ್ಮಗ ಮೊಬೈಲ್‌ದಾಗ ಅಲಾರಾಂ ಇಟ್ಟುಕೊಂಡು "ಮುತ್ತ್ಯಾ, ಬೋರಲು" ಅಂತ ಒದರೋದು, ಕಾಕಾ "ರೊಟ್ಟಿ ತಿರುವಿ ಹಾಕಿದಂಗ ಹಾಕ್ತಾನ ನೋಡು ಮಗಾ" ಅನ್ನೋದು. ಆಮ್ಯಾಲೆ ಆರು ತಾಸು ಕುಂತ ಒಂದಕ್ಕ ಹೋಗಬೇಕು, ಹೋದಾಗೊಮ್ಮೆ ಸಂಡಾಸಿನಾಗ ಬ್ಲೀಚಿಂಗ್ ಹಾಕಿ ಕಾಲು ತಾಸು ಬಿಟ್ಟು ನೀರ ಹಾಕಬೇಕು, ಜೀವಂತ ಬ್ಯಾಕ್ಟೀರಿಯಾ ಅಲ್ಲೇನ್ರಿ. ನಾಲ್ಕನೇ ಡೋಸಿನಿಂದ ಉರಿ, ಮೈಬಿಸಿ ಬಂತು, ಒಂದ ದಿನಕ್ಕ ಇಳೀತು. ಜ್ವರ ಏರಿ ಇಳೀಲಿಲ್ಲ ಅಂದ್ರ ಫೋನ್ ಮಾಡ್ರಿ, ಬಿಸಿಜಿ ರಕ್ತಕ್ಕ ಸೇರಿದ್ರ ದೊಡ್ಡ ಕೇಸ್ ಆಗತೇತಿ ಅಂತ ಹೇಳಿ ಕಳಿಸಿದ್ರು.

ಆರಕ್ಕ ಮುಗಿಯಂಗಿಲ್ಲ. ಮೂರು ತಿಂಗಳಿಗೆ, ಆರು ತಿಂಗಳಿಗೆ, ಆಮ್ಯಾಲೆ ಆರಾರು ತಿಂಗಳಿಗೊಮ್ಮೆ ಮೂರು ವಾರ ಮೂರು ಡೋಸ್, ಹೈ ರಿಸ್ಕಿಗೆ ಮೂರು ವರ್ಷತನಾ. ನಾ ಈ ಕೇಸಿನಾಗ ಮಾಡಿದ ಒಂದ ಒಳ್ಳೆ ಕೆಲಸ ಅಂದ್ರ ಆ ವಯಲ್ ಹುಡುಕಿ ತಂದಿದ್ದು. ಬಿಸಿಜಿ ಪುಣೆದಾಗ ತಯಾರ ಆಗತೇತಿ, ಆದ್ರೂ ಒಂದೊಂದು ಸಲ ಡಿಸ್ಟ್ರಿಬ್ಯೂಟರ್ ಕಡೆ ಸ್ಟಾಕ್ ಇರಂಗಿಲ್ಲ. ಜಗತ್ತಿಗೇ ಇದರ ಬರ ಐತಿ, ಹತ್ತು ವರ್ಷಕ್ಕ ಮಿಕ್ಕಿ ಆತು, ಬ್ಯಾಕ್ಟೀರಿಯಾ ಬೆಳಸೋದು ನಿಧಾನ, ಮಾಡೋ ಕಂಪನಿ ಕಡಿಮಿ, ಟೊರಾಂಟೋದ ಒಂದು ದೊಡ್ಡ ಕಾರ್ಖಾನಿ ಬಂದ್ ಆದಮ್ಯಾಲೆ ಇನ್ನೂ ಜಗ್ಗಾಟ. ಐಸ್ ಬಾಕ್ಸಿನಾಗ ಎರಡರಿಂದ ಎಂಟು ಡಿಗ್ರಿಯಾಗ ಇಟಗೊಂಡು ಬಸ್ಸಿನಾಗ ತೊಡಿ ಮ್ಯಾಲೆ ಹಿಡಕೊಂಡು ಬಂದೀನಿ, ಬಾಜೂಕಿನ ಅಜ್ಜಿ "ಮೀನೇನೋ?" ಅಂದ್ರು.

ಈ ಬರದ ಸಲುವಾಗೇ ಹೊಸ ರಿಸರ್ಚ್ ಇಷ್ಟು ಓಡ್ಲಿಕ್ಕತ್ತೇತಿ ಅನಸ್ತೇತಿ. ಬಿಸಿಜಿ ಕೆಲಸ ಮಾಡ್ಲಿಲ್ಲ ಅಂದ್ರ ಮದಲ ಚೀಲ ತಗಿಯೋದೊಂದ ದೊಡ್ಡ ದಾರಿ ಇತ್ತು. 2022ರ ಡಿಸೆಂಬರಿನಾಗ ಅಮೆರಿಕಾದಾಗ ಒಂದು ಜೀನ್ ಔಷಧಕ್ಕ ಪರವಾನಗಿ ಸಿಕ್ತು, ಮೂರು ತಿಂಗಳಿಗೊಮ್ಮೆ ಚೀಲದಾಗ ಬಿಡೋದು. 2024ರಾಗ ಬಿಸಿಜಿ ಕೂಡ ಕೂಡಿಸಿ ಕೊಡೋ ಇನ್ನೊಂದು. 2025ರಾಗ ಟಾರ್-200 ಅಂತ ಬಂತು, ಸಣ್ಣ ಸುರಳಿ ಹಂಗ ಇರೋ ವಸ್ತು, ಚೀಲದೊಳಗ ಇಟ್ರ ವಾರಗಟ್ಲೆ ಕೀಮೋ ಸಣ್ಣಗ ಬಿಡ್ತಾ ಇರತೇತಿ, ಅದರ ಟ್ರಯಲ್‌ನಾಗ ನೂರರಾಗ 82 ಮಂದಿಗೆ ಗಡ್ಡಿ ಪೂರಾ ಮಾಯ ಆತಂತ. ಅದೇ ವರ್ಷ ಪೊಟೊಮ್ಯಾಕ್ ಅನ್ನೋ ಟ್ರಯಲ್‌ನಾಗ ಬಿಸಿಜಿ ಶುರು ಮಾಡೋವಾಗ ಇಮ್ಯೂನೋಥೆರಪಿ (ಮೈಯ ರೋಗನಿರೋಧಕ ಶಕ್ತಿ ಎಬ್ಬಸೋ) ಇಂಜೆಕ್ಷನ್ ಕೂಡಿಸಿದ್ರ ರೋಗ ಮತ್ತ ಬರೋದು ಕಡಿಮಿ ಆಗತೇತಿ ಅಂತ ಬಂತು. ರೋಗ ದೂರ ಹಬ್ಬಿದವ್ರಿಗೂ ಇವಿ-302 ಟ್ರಯಲ್ 886 ಮಂದಿ ಮ್ಯಾಲೆ ತೋರ್ಸೇತಿ, ಹಳೇ ಕೀಮೋದಾಗ ನಡು ಆಯುಷ್ಯ (ಅರ್ಧಾ ಮಂದಿ ಇದಕ್ಕಿಂತ ಹೆಚ್ಚು ಬದುಕಿದ್ರು ಅನ್ನೋ ಲೆಕ್ಕ) 16.1 ತಿಂಗಳು ಇದ್ದದ್ದು ಹೊಸ ಜೋಡಿ ಔಷಧದಾಗ 31.5 ತಿಂಗಳು. ಓದಿದ್ರ ಮೈ ಜುಮ್ ಅಂತೇತಿ. ಆಮ್ಯಾಲೆ ನಮ್ಮ ಓಣಿ ನೋಡ್ತೀನಿ, ಈ ಔಷಧ ಎಲ್ಲಾ ಲಕ್ಷದ ಮಾತು.

ನನಗ ಮನಸ್ಸಿಗೆ ಹತ್ತಿದ್ದು ಬ್ಯಾರೆ, ಔಷಧಾನ ಇಲ್ದ ಒಂದು ಟ್ರಯಲ್. ಬ್ಲಾಡರ್‌ಪಾಥ್ ಅಂತ, ಬ್ರಿಟನ್‌ದು, 143 ಮಂದಿ. ಸ್ನಾಯುವಿಗೆ ಇಳದೇತಿ ಅಂತ ಅನುಮಾನ ಇದ್ದವ್ರಿಗೆ ಮದಲ ಕೆತ್ತೋ ಬದಲಿ ಎಂಆರ್‌ಐ ಮಾಡಿದ್ರು. ಖರೇನ ಸ್ನಾಯುವಿಗೆ ಇಳದವ್ರಿಗೆ ಸರಿಯಾದ ಟ್ರೀಟ್‌ಮೆಂಟ್ ಚಾಲೂ ಆಗ್ಲಿಕ್ಕೆ ಹಳೇ ದಾರ್ಯಾಗ 98 ದಿನ, ಹೊಸ ದಾರ್ಯಾಗ 53 ದಿನ. 45 ದಿನ ಉಳಸ್ಲಿಕ್ಕೆ ಅವ್ರು ಒಂದು ಟ್ರಯಲ್ ಮಾಡ್ಯಾರ. ನಮ್ಮ ಕಾಕಾಂದು ಹತ್ತು ತಿಂಗಳು ಹೋಗಿದ್ದು ಎಂಆರ್‌ಐ ಇಲ್ದಿದ್ದಕ್ಕಲ್ಲ, "ಚೀಲದೊಳಗ ಒಮ್ಮೆ ನೋಡಸ್ರಿ" ಅಂತ ಒಬ್ಬರೂ ಅನ್ನಲಿಲ್ಲ ಅದಕ್ಕ. ಮದಲನೇ ಕೌಂಟರ್ ನಂದ ಇತ್ತು.

ಈಗ ಯಾರರ ಕೆಂಪಗ ಹೊಂಟೇತಿ ಅಂದ್ರ ಸಿರಪ್ ಕೈಗೆ ಕೊಡಂಗಿಲ್ಲ. ವಯಸ್ಸು ಕೇಳ್ತೀನಿ, ನೋವು ಕೇಳ್ತೀನಿ, ಬೀಡಿ ಸಿಗರೇಟ್ ಕೇಳ್ತೀನಿ, ಬಣ್ಣದ ಕೆಲಸ ಮಾಡ್ಯಾರೇನು ಕೇಳ್ತೀನಿ, ಮೂತ್ರ ಕಿತ್ತಳಿ ಬಣ್ಣ ಮಾಡೋ ಗುಳಿಗಿ ತಗೊಂಡಾರೇನು ಕೇಳ್ತೀನಿ, ಒಂದು ಚೀಟಿ ಮ್ಯಾಲೆ ತಾರೀಖು ಹಾಕಿ "ಮೂತ್ರದಾಗ ರಕ್ತ, ಯೂರಾಲಜಿಸ್ಟ್‌ಗೆ ತೋರಿಸ್ರಿ, ನಿಂತ್ರೂ ತೋರಿಸ್ರಿ" ಅಂತ ಬರದು ಕೊಡ್ತೀನಿ. ಕೆಲವ್ರು ಸಿಟ್ಟಾಗಿ ಮುಂದಿನ ಅಂಗಡಿಗೆ ಹೋಗ್ತಾರ, ಅಲ್ಲೆ ಸಿಗತೇತಿ.

ಕಾಕಾನ ಮೂರು ತಿಂಗಳಿಗೊಮ್ಮೆ ಸ್ಕೋಪಿ ನಡದಾವ, ಇಲ್ಲಿತನಾ ಎಲ್ಲಾ ಕ್ಲಿಯರ್. ಆದ್ರ ಈ ರೋಗಕ್ಕ ಮತ್ತ ಬರೋ ಚಟ ಭಾಳ, ಐದು ವರ್ಷದಾಗ ಮತ್ತ ಬರೋ ಸಾಧ್ಯತೆ ಕಡಿಮಿ ಅಪಾಯದವ್ರಿಗೆ 31 ಪರ್ಸೆಂಟ್, ಹೆಚ್ಚು ಅಪಾಯದವ್ರಿಗೆ 78 ಪರ್ಸೆಂಟ್‌ತನಾ ಅಂತ ಹಳೇ ಯುರೋಪಿನ ಲೆಕ್ಕ ಐತಿ, ಅದಕ್ಕ ಸ್ಕೋಪಿ ತಪ್ಪಸಂಗಿಲ್ಲ. ಪ್ರಾಸ್ಟೇಟಿನ ಗುಳಿಗಿನೂ ನಡದೇತಿ, ಅದು ಬ್ಯಾರೆ ರೋಗ, ಅದಕ್ಕ ಅದರದ ಔಷಧ. ಇಬ್ಬರು ಮಕ್ಕಳೊಳಗ ಒಬ್ಬ ರಬ್ಬರ್ ಗ್ಲೌಸ್ ಹಾಕ್ಲಿಕ್ಕತ್ಯಾನ, ಇನ್ನೊಬ್ಬಗ ಗ್ಲೌಸ್‌ನಾಗ ನೂಲಿನ ಹದ ತಿಳಿಯಂಗಿಲ್ಲಂತ.

ಬೀಡಿ ಬಿಟ್ಟು ವರ್ಷ ಆತು ಅಂತಾರ ಕಾಕಾ. ಕಾಕು ಅಂತಾರ, "ಹೌದು, ಮನ್ಯಾಗ ಬಿಟ್ಟಾರ."